ಮೊದಲ ಡ್ರೋನ್‌ಗೆ ಯಾವ ರಿಮೋಟ್?

ಪ್ರಶ್ನೆ: ಐದು ಇಂಚಿನ ಪ್ರೊಪೆಲ್ಲರ್‌ನ ಡ್ರೋನ್ ಜೋಡಿಸುತ್ತಿದ್ದೇನೆ. ಸೀನಿಯರ್ ಒಬ್ಬರು ತಮ್ಮ ಹಳೆಯ ಫ್ಲೈಸ್ಕೈ ಎಫ್‌ಎಸ್-ಐ6 ರಿಮೋಟನ್ನು ಕಡಿಮೆ ಬೆಲೆಗೆ ಕೊಡುತ್ತೇನೆ ಅಂತಿದ್ದಾರೆ. ತಗೊಳ್ಳಲೇ, ಹೊಸದು ನೋಡಲೇ? ದೂರ ಹಾರಿಸಲು ಒಂದು ವಾಟ್‌ನದೇ ಬೇಕು ಎನ್ನುವುದು ನಿಜವೇ? — ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಥರ್ಮಾಕೋಲ್ ವಿಮಾನ ಹಾರಿಸುವುದಾದರೆ ಆ ಹಳೆಯ ರಿಮೋಟ್ ಸಾಕಿತ್ತು. ನಿಮ್ಮ ಡ್ರೋನ್‌ಗೆ ಬೇಡ. ಅದರಲ್ಲಿರುವುದು ಆರು ಚಾನೆಲ್, ಅಂದರೆ ಬೇರೆ ಬೇರೆ ಆಜ್ಞೆ ಕಳಿಸುವ ಆರು ದಾರಿ. ನಾಲ್ಕು ಸ್ಟಿಕ್‌ಗಳಿಗೇ ಹೋಗುತ್ತವೆ. ಉಳಿದ ಎರಡರಲ್ಲಿ ಒಂದು ಆರ್ಮ್ ಮಾಡಲು (ಮೋಟಾರು ತಿರುಗಲು ಅನುಮತಿ ಕೊಡಲು), ಇನ್ನೊಂದು ಫ್ಲೈಟ್ ಮೋಡ್‌ಗೆ. ಹುಲ್ಲಿನಲ್ಲಿ ಬಿದ್ದ ಡ್ರೋನ್ ಹುಡುಕಲು ಬೀಪರ್ ಬೇಕಲ್ಲ, ಅದಕ್ಕೆ ಸ್ವಿಚ್ಚೇ ಉಳಿಯುವುದಿಲ್ಲ. ಜೊತೆಗೆ ಬರುವ ಐಎ6ಬಿ ರಿಸೀವರ್ (ಡ್ರೋನ್ ಮೇಲೆ ಕೂತು ರಿಮೋಟಿನ ಸಿಗ್ನಲ್ ಹಿಡಿಯುವ ಭಾಗ) ಸುಮಾರು 15 ಗ್ರಾಂ ತೂಗುತ್ತದೆ, ಈಗಿನವು ಒಂದೆರಡು ಗ್ರಾಂ ಅಷ್ಟೆ. ಫೇಲ್‌ಸೇಫನ್ನು (ಸಿಗ್ನಲ್ ಹೋದಾಗ ಏನಾಗಬೇಕೆಂಬ ಸೆಟ್ಟಿಂಗ್) ಕೈಯಾರೆ ಹೊಂದಿಸದಿದ್ದರೆ ಸಿಗ್ನಲ್ ಕಡಿದ ಮೇಲೂ ಆ ರಿಸೀವರ್ ಕೊನೆಯ ಆಜ್ಞೆಯನ್ನೇ ಹಿಡಿದುಕೊಂಡಿರಬಹುದು. ಥ್ರಾಟಲ್ ಅರ್ಧ ಕೊಟ್ಟಾಗ ಸಿಗ್ನಲ್ ಹೋದರೆ ಡ್ರೋನ್ ಅರ್ಧ ಥ್ರಾಟಲ್‌ನಲ್ಲೇ ಹೋಗುತ್ತಾ ಇರುತ್ತದೆ.

ಅಂಗಡಿಯಲ್ಲಿ ಎಲ್ಲರೂ ರಿಮೋಟಿನ ರೂಪ ನೋಡುತ್ತಾರೆ. ನೀವು ಮೊದಲು ನೋಡಬೇಕಾದ್ದು ಅದರೊಳಗಿನ ರೇಡಿಯೋ ಯಾವ ಪ್ರೋಟೋಕಾಲ್‌ನದು ಎಂಬುದನ್ನು. ಪ್ರೋಟೋಕಾಲ್ ಅಂದರೆ ರಿಮೋಟ್ ಮತ್ತು ರಿಸೀವರ್ ಮಾತಾಡುವ ಭಾಷೆ. ಡ್ರೋನ್ ಮುರಿಯುತ್ತದೆ, ಬದಲಾಗುತ್ತದೆ. ರಿಮೋಟ್ ವರ್ಷಗಟ್ಟಲೆ ಉಳಿಯುತ್ತದೆ, ಮುಂದೆ ಕೊಳ್ಳುವ ಪ್ರತಿ ರಿಸೀವರೂ ಅದಕ್ಕೆ ಹೊಂದಲೇಬೇಕು. ಇವತ್ತು ಹೊಸಬರಿಗೆ ನಮ್ಮ ಸಲಹೆ 2.4 ಗಿಗಾಹರ್ಟ್ಸ್‌ನ ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್, ಬಳಕೆಯಲ್ಲಿ ಇಎಲ್‌ಆರ್‌ಎಸ್. ಓಪನ್ ಸೋರ್ಸ್ ಆದ್ದರಿಂದ ಒಂದು ಕಂಪನಿಯ ರಿಮೋಟಿಗೆ ಇನ್ನೊಂದು ಕಂಪನಿಯ ರಿಸೀವರ್ ನಡೆಯುತ್ತದೆ.

ಕಡಿಮೆ ಬಜೆಟ್ಟಿಗೆ ರೇಡಿಯೋಮಾಸ್ಟರ್ ಕಂಪನಿಯ ಪಾಕೆಟ್ ರಿಮೋಟ್ ಸಾಕು. ಸ್ಟಿಕ್‌ಗಳಲ್ಲಿ ಕಾಂತದಿಂದ ಸ್ಥಾನ ಅಳೆಯುವ ಹಾಲ್ ಸೆನ್ಸರ್ ಇರುವುದರಿಂದ ಉಜ್ಜಿ ಸವೆಯುವ ಭಾಗವಿಲ್ಲ. ಕೈ ದೊಡ್ಡದಿದ್ದು ಪೂರ್ಣ ಗಾತ್ರದ ಸ್ಟಿಕ್ ಬೇಕೆನಿಸಿದರೆ ಅದೇ ಕಂಪನಿಯ ಬಾಕ್ಸರ್ ನೋಡಿ. ಕೊಳ್ಳುವಾಗ ಒಂದು ಎಚ್ಚರ: ಪಾಕೆಟ್ ಎರಡು ಬಗೆಯಲ್ಲಿ ಬರುತ್ತದೆ, ಇಎಲ್‌ಆರ್‌ಎಸ್ ಮತ್ತು ಸಿಸಿ2500 (ಬೇರೆ ಪ್ರೋಟೋಕಾಲ್‌ಗಳ ರೇಡಿಯೋ ಚಿಪ್). ನೋಡಲು ಎರಡೂ ಒಂದೇ, ಆದರೆ ಸಿಸಿ2500 ಇರುವುದು ನಿಮ್ಮ ಇಎಲ್‌ಆರ್‌ಎಸ್ ರಿಸೀವರ್ ಜೊತೆ ಮಾತೇ ಆಡುವುದಿಲ್ಲ. ಡಬ್ಬದ ಮೇಲಿನ ಚೀಟಿ ಓದಿ. 18650 ಎಂಬ ಅಳತೆಯ ಲಿಥಿಯಂ ಸೆಲ್ ಎರಡು ಬೇಕು, ಅವನ್ನು ಪ್ರತ್ಯೇಕವಾಗಿ ಕೊಳ್ಳಬೇಕು. ಹಾಕುವಾಗ ಪ್ಲಸ್ ಮೈನಸ್ ಗುರುತು ನೋಡಿಕೊಳ್ಳಿ. ಎಡಗೈಯಲ್ಲಿ ಥ್ರಾಟಲ್ ಇರುವ ಮೋಡ್ 2 ಕೇಳಿ.

ಇನ್ನು ಒಂದು ವಾಟ್ ವಿಚಾರ. ದೂರ ಎರಡರಷ್ಟಾಗಬೇಕಾದರೆ ಪವರ್ ನಾಲ್ಕರಷ್ಟಾಗಬೇಕು. ಪಾಕೆಟ್‌ನ 250 ಮಿಲಿವಾಟ್ ಬಿಟ್ಟು ಒಂದು ವಾಟ್‌ಗೆ ಹೋದರೆ ಸಿಗುವುದು ಲೆಕ್ಕದಲ್ಲಿ ಎರಡರಷ್ಟು ದೂರ ಮಾತ್ರ. ಅದಕ್ಕಿಂತ ಹೆಚ್ಚು ಲಾಭ ಬಿಡಿಗಾಸಿಲ್ಲದೆ, ರಿಮೋಟ್ ಸೆಕೆಂಡಿಗೆ ಎಷ್ಟು ಸಲ ಆಜ್ಞೆ ಕಳಿಸುತ್ತದೆ ಎಂಬ ಪ್ಯಾಕೆಟ್ ರೇಟ್‌ನಲ್ಲೇ ಸಿಗುತ್ತದೆ: 500 ಹರ್ಟ್ಸ್‌ನಲ್ಲಿ ರಿಸೀವರಿನ ಸೂಕ್ಷ್ಮತೆ -105 ಡಿಬಿಎಂ, 50 ಹರ್ಟ್ಸ್‌ನಲ್ಲಿ -115; ಸಂಖ್ಯೆ ಕೆಳಗಿಳಿದಷ್ಟೂ ಹೆಚ್ಚು ದುರ್ಬಲ ಸಿಗ್ನಲನ್ನೂ ಹಿಡಿಯುತ್ತದೆ. ಆ ಹತ್ತು ಡಿಬಿ ಅಂದರೆ ಸುಮಾರು ಮೂರರಷ್ಟು ದೂರ. ಮಾಮೂಲಿ ಹಾರಾಟಕ್ಕೆ 250 ಹರ್ಟ್ಸ್ ಇಟ್ಟುಕೊಳ್ಳಿ, 500 ರೇಸಿನವರಿಗೆ ಇರಲಿ.

ಸಿಗ್ನಲ್ ಕಡಿಯುವುದಕ್ಕೆ ಹೆಚ್ಚಿನ ಸಲ ಕಾರಣ ಆಂಟೆನಾ. ಕಾರ್ಬನ್ ಫೈಬರ್ ರೇಡಿಯೋ ಅಲೆಯನ್ನು ತಡೆಯುತ್ತದೆ, ಹಾಗಾಗಿ ರಿಸೀವರಿನ ಆಂಟೆನಾ ಫ್ರೇಮಿಗೆ ಅಂಟಿಕೊಂಡಿರದೆ ಹೊರಗೆ ಚಾಚಿರಲಿ. ರಿಮೋಟಿನ ಆಂಟೆನಾದ ತುದಿಯನ್ನು ಡ್ರೋನ್ ಕಡೆ ಗುರಿಯಿಟ್ಟು ಹಿಡಿಯಬೇಡಿ. ಅದು ಟಾರ್ಚ್ ಅಲ್ಲ, ತುದಿಯ ದಿಕ್ಕಿನಲ್ಲೇ ಅಲೆ ಅತ್ಯಂತ ದುರ್ಬಲ. ಅದರ ಬದಿ ಡ್ರೋನ್ ಕಡೆ ಬರುವಂತೆ ಅಡ್ಡವಾಗಿ ಇರಲಿ. ರಿಮೋಟಿಗೆ ಹೊರಗಿನಿಂದ ಸಿಕ್ಕಿಸುವ, ಆಂಟೆನಾ ಬಿಚ್ಚಬಹುದಾದ ರೇಡಿಯೋ ಮಾಡ್ಯೂಲ್ ಇದ್ದರೆ ಅದಿಲ್ಲದೆ ಆನ್ ಮಾಡಲೇಬೇಡಿ, ಸಿಗ್ನಲಿಗೆ ಬಲ ಕೊಡುವ ಪವರ್ ಹಂತ ಸುಟ್ಟುಹೋಗಬಹುದು.

ಪ್ರಶ್ನೆ: 915 ಮೆಗಾಹರ್ಟ್ಸ್‌ನ ಮಾಡ್ಯೂಲ್ ಒಳ್ಳೆಯ ಬೆಲೆಗೆ ಸಿಗುತ್ತಿದೆ. ಮರಗಳ ನಡುವೆ ಅದೇ ಉತ್ತಮವಂತೆ, ಹೌದೇ?

ಉತ್ತರ: ಎಲೆ ಕೊಂಬೆಗಳನ್ನು ಅದು ಚೆನ್ನಾಗಿ ದಾಟುತ್ತದೆ, ನಿಜ. ಆದರೆ 902ರಿಂದ 928 ಅಮೆರಿಕದ ಮುಕ್ತ ಬ್ಯಾಂಡ್. ನಮ್ಮಲ್ಲಿ 890ರಿಂದ 915 ಮೊಬೈಲ್ ಫೋನುಗಳು ಟವರಿಗೆ ಮಾತಾಡುವ ಜಾಗ. ಕೊಳ್ಳಬೇಡಿ.

ಪ್ರಶ್ನೆ: ಇಎಲ್‌ಆರ್‌ಎಸ್ ರಿಮೋಟ್, ರಿಸೀವರ್ ಎರಡೂ ಹೊಸವು. ಬೈಂಡ್ (ಒಂದಕ್ಕೊಂದು ಜೋಡಣೆ) ಆಗುತ್ತಿಲ್ಲ.

ಉತ್ತರ: ಮೊದಲು ಎರಡರ ಫರ್ಮ್‌ವೇರ್ ಆವೃತ್ತಿ ನೋಡಿ. ಮೊದಲ ಅಂಕಿ ಹೊಂದಬೇಕು. ಒಂದರದು 2, ಇನ್ನೊಂದರದು 3 ಆದರೆ ಎಷ್ಟು ಹೆಣಗಿದರೂ ಸೇರುವುದಿಲ್ಲ. ಆಮೇಲೆ ರಿಸೀವರಿಗೆ ಪವರ್ ಕೊಟ್ಟು ತೆಗೆಯುವುದನ್ನು ಬೇಗಬೇಗನೆ ಮೂರು ಸಲ ಮಾಡಿ. ಮೂರನೆಯ ಸಲ ದೀಪ ಎರಡೆರಡು ಬಾರಿ ಮಿನುಗಿದರೆ ಬೈಂಡ್‌ಗೆ ತಯಾರು. ರಿಮೋಟಿನ ಮೆನುವಿನಲ್ಲಿ ಬೈಂಡ್ ಒತ್ತಿ. ದೀಪ ಸತತವಾಗಿ ಉರಿದರೆ ಕೂಡಿದೆ. ಮೂರು ಮೂರು ಬಾರಿ ಮಿನುಗಿದರೆ ಕೂಡಿದೆ, ಆದರೆ ಮಾಡೆಲ್ ಮ್ಯಾಚ್ (ರಿಮೋಟಿನಲ್ಲಿ ಆಯ್ದ ಮಾಡೆಲ್ ಈ ರಿಸೀವರಿನದೇ ಎಂಬ ಪರೀಕ್ಷೆ) ಹೊಂದಿಲ್ಲ. ಬಹಳ ವೇಗವಾಗಿ ಮಿನುಗುತ್ತಿದ್ದರೆ ರಿಮೋಟ್ ಸಿಗದೆ ಅದು ವೈಫೈಗೆ ಹೋಗಿದೆ, ಪವರ್ ತೆಗೆದು ಮತ್ತೆ ಕೊಡಿ. ದೀಪವೇ ಹತ್ತದಿದ್ದರೆ ಗಾಬರಿ ಬೇಡ: ಡ್ರೋನ್ ನಿಯಂತ್ರಿಸುವ ಹಲವು ಬೋರ್ಡುಗಳ 5 ವೋಲ್ಟ್ ಪ್ಯಾಡಿಗೆ ಯುಎಸ್‌ಬಿಯಿಂದ ಕರೆಂಟ್ ಬರುವುದಿಲ್ಲ, ಬ್ಯಾಟರಿಯೇ ಬೇಕು.

ಬೈಂಡ್ ಆದ ಮೇಲೂ, ಬೋರ್ಡನ್ನು ಹೊಂದಿಸುವ ತಂತ್ರಾಂಶವಾದ ಬೀಟಾಫ್ಲೈಟ್‌ನಲ್ಲಿ ಸ್ಟಿಕ್ ಅಲುಗಿಸಿದಾಗ ಚಾನೆಲ್ ಪಟ್ಟಿಗಳು ಅಲುಗಾಡದಿದ್ದರೆ ತಂತಿ ನೋಡಿ. ಟಿಎಕ್ಸ್ ಕಳಿಸುವ ತುದಿ, ಆರ್‌ಎಕ್ಸ್ ಪಡೆಯುವ ತುದಿ: ರಿಸೀವರಿನ ಟಿಎಕ್ಸ್ ಬೋರ್ಡಿನ ಆರ್‌ಎಕ್ಸ್‌ಗೆ, ಆರ್‌ಎಕ್ಸ್ ಟಿಎಕ್ಸ್‌ಗೆ ಹೋಗಬೇಕು. ಆ ಪೋರ್ಟಿನಲ್ಲಿ ಸೀರಿಯಲ್ ಆರ್‌ಎಕ್ಸ್ ಆನ್ ಮಾಡಿ, ರಿಸೀವರ್ ಬೋರ್ಡಿಗೆ ಮಾತಾಡುವ ಪ್ರೋಟೋಕಾಲ್ ಸಿಆರ್‌ಎಸ್‌ಎಫ್ ಆಯ್ದುಕೊಳ್ಳಿ. ಆರ್ಮ್ ಸ್ವಿಚ್ ಐದನೇ ಚಾನೆಲ್‌ನಲ್ಲೇ, ಅಂದರೆ ಆಕ್ಸ್ 1ರಲ್ಲೇ ಇರಲಿ. ಇಎಲ್‌ಆರ್‌ಎಸ್ ಅದನ್ನೇ ಆರ್ಮ್ ಎಂದು ತಿಳಿಯುತ್ತದೆ.

ಎಲ್ಲ ಸರಿಹೋದ ಮೇಲೆ ಪ್ರೊಪೆಲ್ಲರ್ ನಾಲ್ಕನ್ನೂ ಬಿಚ್ಚಿಟ್ಟು ಆರ್ಮ್ ಮಾಡಿ, ಥ್ರಾಟಲ್ ಸ್ವಲ್ಪ ಏರಿಸಿ, ರಿಮೋಟ್ ಆಫ್ ಮಾಡಿ. ರಿಸೀವರ್ ಇನ್ನೂ ಆನ್ ಇದೆ ಎಂದು ರಿಮೋಟ್ ಎಚ್ಚರಿಸುತ್ತದೆ, ಪರವಾಗಿಲ್ಲ, ಒಪ್ಪಿಕೊಳ್ಳಿ. ಒಂದೆರಡು ಸೆಕೆಂಡಿನಲ್ಲಿ ಮೋಟಾರು ನಿಲ್ಲಬೇಕು. ನಿಲ್ಲದಿದ್ದರೆ ಬ್ಯಾಟರಿ ಕಿತ್ತು, ಫೇಲ್‌ಸೇಫ್ ಸರಿಯಾಗುವ ತನಕ ಪ್ರೊಪೆಲ್ಲರ್ ಮುಟ್ಟಬೇಡಿ.