ಎಕ್ಮೋ ಕುರಿತು ಲೇಖನ ಕಳುಹಿಸಿದವರಿಗೆ

ಪ್ರಿಯ ಲೇಖಕರೇ,

‘ಸಾವನ್ನು ಗೆದ್ದ ಯಂತ್ರ’ ಎಂಬ ನಿಮ್ಮ ಲೇಖನ ಓದಿದೆ. ತೀವ್ರ ನ್ಯುಮೋನಿಯಾದಿಂದ ಶ್ವಾಸಕೋಶ ಕೈಕೊಟ್ಟ ಯುವಕನೊಬ್ಬ, ರಕ್ತವನ್ನು ದೇಹದ ಹೊರಗೆಳೆದು ಆಮ್ಲಜನಕ ತುಂಬಿ ಮರಳಿಸುವ ಎಕ್ಮೋ ಯಂತ್ರದ ನೆರವಿನಿಂದ ಬದುಕಿ ಮನೆಗೆ ಮರಳಿದ ಕಥೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಹಾಗೆಂದು ಬುಟ್ಟಿಗೆ ಎಸೆಯುವ ಬರಹವೂ ಅಲ್ಲ. ಎಸೆಯುವಂಥದ್ದಾಗಿದ್ದರೆ ಎರಡು ಸಾಲಿನಲ್ಲಿ ಮುಗಿಸುತ್ತಿದ್ದೆ.

ಮೊದಲ ಪುಟದಲ್ಲಿ ‘ಪವಾಡ’ವಿದೆ, ‘ಸಂಜೀವಿನಿ’ಯಿದೆ, ‘ದೇವರ ಇನ್ನೊಂದು ರೂಪ’ವೂ ಇದೆ. ಆದರೆ ಪುಟ ಮುಗಿದರೂ ರಕ್ತ ದೇಹದಿಂದ ಹೊರಗೆ ಬಂದಿಲ್ಲ! ತೊಡೆಸಂದಿನ ಅಭಿಧಮನಿಗೆ (ಹೃದಯಕ್ಕೆ ರಕ್ತ ಮರಳಿಸುವ ನಾಳಕ್ಕೆ) ಎಂಟು ಮಿಲಿಮೀಟರ್ ಆಸುಪಾಸಿನ ಕೊಳವೆ ತೂರಿಸಿ, ಪಂಪಿನಿಂದ ನಿಮಿಷಕ್ಕೆ ನಾಲ್ಕೈದು ಲೀಟರ್ ರಕ್ತವನ್ನು ಹೊರಗೆಳೆಯುತ್ತಾರೆ. ವಯಸ್ಕರ ಮೈಯಲ್ಲಿರುವ ಒಟ್ಟು ರಕ್ತವೇ ಸುಮಾರು ಐದು ಲೀಟರ್. ಇಷ್ಟು ಹೇಳಿದರೆ ಓದುಗ ತಾನಾಗಿಯೇ ಬೆಚ್ಚುತ್ತಾನೆ, ನಿಮ್ಮ ವಿಶೇಷಣಗಳ ಹಂಗು ಅವನಿಗೆ ಬೇಕಿಲ್ಲ.

ಹೃದಯ, ಶ್ವಾಸಕೋಶ ಎರಡರ ಕೆಲಸವನ್ನೂ ಈ ಯಂತ್ರ ಮಾಡುತ್ತದೆ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟಿದ್ದೀರಿ. ಯಾವ ರೋಗಿಗೆ? ನಿಮ್ಮ ಯುವಕನ ಹೃದಯ ಗಟ್ಟಿಯಾಗಿತ್ತು, ಕೆಟ್ಟದ್ದು ಶ್ವಾಸಕೋಶ ಮಾತ್ರ. ಅಂಥವರಲ್ಲಿ ಅಭಿಧಮನಿಯಿಂದ ತೆಗೆದ ರಕ್ತವನ್ನು ಆಮ್ಲಜನಕ ತುಂಬಿ ಅಭಿಧಮನಿಗೇ ಮರಳಿಸುತ್ತಾರೆ. ಅಲ್ಲಿಂದ ಮುಂದಕ್ಕೆ ಅದನ್ನು ಮೈಗೆಲ್ಲ ತಳ್ಳಬೇಕಾದದ್ದು ಅವನದೇ ಹೃದಯ. ಆದರೂ ಆರನೇ ಪುಟದಲ್ಲಿ ‘ಅವನ ಹೃದಯ ವಿಶ್ರಾಂತಿ ಪಡೆಯುತ್ತಿತ್ತು’ ಎಂದಿದ್ದೀರಿ. ವಿಶ್ರಾಂತಿ ಸಿಕ್ಕಿದ್ದು ಶ್ವಾಸಕೋಶಕ್ಕೆ: ವೆಂಟಿಲೇಟರ್ ಒತ್ತಡವನ್ನು ತಗ್ಗಿಸಿ, ಊದಿದ ಗಾಳಿಯಿಂದಲೇ ಅದಕ್ಕೆ ಇನ್ನಷ್ಟು ಗಾಯವಾಗದಂತೆ ನೋಡಿಕೊಳ್ಳಲು ಆಗ ಸಾಧ್ಯವಾಗುತ್ತದೆ.

ಹೃದಯವೇ ಸೋತಾಗ ರಕ್ತವನ್ನು ಅಪಧಮನಿಗೆ (ಹೃದಯದಿಂದ ರಕ್ತ ಒಯ್ಯುವ ನಾಳಕ್ಕೆ) ಮರಳಿಸುವ ವಿಧಾನ ಬೇರೆ. ಅದನ್ನು ನೀವು ಅರ್ಧ ವಾಕ್ಯದಲ್ಲಿ ದಾಟಿಸಿದ್ದೀರಿ. ನನ್ನನ್ನು ಕೇಳಿದರೆ ಕಥೆಯ ತಿರುಳು ಇರುವುದೇ ಅಲ್ಲಿ. ತೊಡೆಯ ಅಪಧಮನಿಗೆ ಬಿಟ್ಟ ರಕ್ತ ಮಹಾಪಧಮನಿಯಲ್ಲಿ ಕೆಳಗಿನಿಂದ ಮೇಲಕ್ಕೆ, ಹೃದಯಕ್ಕೆ ಎದುರಾಗಿ ನುಗ್ಗುತ್ತದೆ. ಮೊದಲೇ ಬಳಲಿದ ಎಡ ಹೃತ್ಕುಕ್ಷಿ (ಮೈಗೆಲ್ಲ ರಕ್ತ ತಳ್ಳುವ ಹೃದಯದ ಕೋಣೆ) ಆ ಒತ್ತಡದ ವಿರುದ್ಧ ತಳ್ಳಬೇಕು. ಆಗದಿದ್ದರೆ ಕವಾಟ ತೆರೆಯುವುದಿಲ್ಲ, ರಕ್ತ ಒಳಗೇ ನಿಂತು ಹೃದಯ ಉಬ್ಬುತ್ತದೆ. ಜೀವ ಹಿಡಿದಿಟ್ಟ ಯಂತ್ರವೇ ಹೃದಯಕ್ಕೆ ಹೊರೆಯಾಗುವ ಸ್ಥಿತಿ ಇದು. ಇನ್ನೊಂದು ಪೇಚೂ ಇದೆ. ಹೃದಯ ಚೇತರಿಸಿಕೊಂಡು ಶ್ವಾಸಕೋಶ ಇನ್ನೂ ಕೆಟ್ಟೇ ಇದ್ದರೆ, ಕಾಲುಗಳಿಗೆ ಯಂತ್ರದ ಒಳ್ಳೆಯ ರಕ್ತ ಸಿಗುತ್ತದೆ, ಮಿದುಳಿಗೂ ಬಲಗೈಗೂ ಹೃದಯ ತಳ್ಳುವ ಆಮ್ಲಜನಕ ಕಡಿಮೆಯಿರುವ ರಕ್ತ ಹೋಗುತ್ತದೆ. ಆದ್ದರಿಂದಲೇ ಇಂಥ ರೋಗಿಗಳಲ್ಲಿ ಆಮ್ಲಜನಕ ಅಳೆಯುವ ಕ್ಲಿಪ್ಪನ್ನು ಬಲಗೈ ಬೆರಳಿಗೇ ಹಾಕುವುದು. ಹೃದಯ ಸೋತ ಮಹಿಳೆಯ ಪ್ರಸಂಗದಲ್ಲಿ ನೀವು ಅದನ್ನು ಎಡಗೈಗೆ ಹಾಕಿಸಿದ್ದೀರಿ. ಸಣ್ಣ ತಪ್ಪು ಅನ್ನಿಸಬಹುದು. ತೀವ್ರ ನಿಗಾ ಘಟಕದಲ್ಲಿ ಕೆಲಸ ಮಾಡುವ ಓದುಗರು ಆ ಸಾಲಿಗೇ ಪುಟ ಮಗುಚುತ್ತಾರೆ.

ಇತಿಹಾಸದ ಭಾಗದಲ್ಲಿ ಗೆದ್ದವರನ್ನಷ್ಟೇ ಆರಿಸಿಕೊಂಡಿದ್ದೀರಿ. 1971ರಲ್ಲಿ ಡೊನಾಲ್ಡ್ ಹಿಲ್ ಅಪಘಾತದ ಗಾಯಾಳುವನ್ನು ಉಳಿಸಿದ್ದು, 1975ರಲ್ಲಿ ರಾಬರ್ಟ್ ಬಾರ್ಟ್ಲೆಟ್ ನವಜಾತ ಶಿಶುವನ್ನು ಉಳಿಸಿದ್ದು, ಅಲ್ಲಿಂದ ನೇರ 2009ಕ್ಕೆ ಜಿಗಿತ. ನಡುವೆ 1979 ಎಲ್ಲಿ ಹೋಯಿತು? ಆ ವರ್ಷ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ ಎಕ್ಮೋ ಪಡೆದವರೂ ಪಡೆಯದವರೂ ಹತ್ತರಲ್ಲಿ ಒಂಬತ್ತರಷ್ಟು ಮಂದಿ ತೀರಿಕೊಂಡರು. ವಯಸ್ಕರಿಗೆ ಇದು ದಂಡ ಎಂದು ಬಹುಪಾಲು ವೈದ್ಯರು ವರ್ಷಗಟ್ಟಲೆ ಕೈಬಿಟ್ಟಿದ್ದರು. ಶ್ವಾಸಕೋಶ ತೀವ್ರವಾಗಿ ಕೆಟ್ಟವರ ಮೇಲೆ ನಡೆದ 2018ರ ಇಯೋಲಿಯಾ ಪ್ರಯೋಗವನ್ನು ನೀವು ‘ಅಂತಿಮ ಸಾಕ್ಷ್ಯ’ ಎಂದಿದ್ದೀರಿ. 60 ದಿನಗಳಲ್ಲಿ ಸತ್ತವರು ಎಕ್ಮೋ ಗುಂಪಿನಲ್ಲಿ ಶೇ 35, ವೆಂಟಿಲೇಟರಿನ ಮಾಮೂಲಿ ಚಿಕಿತ್ಸೆ ಪಡೆದ ಎರಡನೇ ಗುಂಪಿನಲ್ಲಿ ಶೇ 46. ಆದರೆ ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಆ ಅಂತರ ಖಚಿತವೆನ್ನುವ ಗೆರೆ ಮುಟ್ಟಲಿಲ್ಲ. ಎರಡನೇ ಗುಂಪಿನ ಕಾಲುಭಾಗಕ್ಕೂ ಹೆಚ್ಚು ರೋಗಿಗಳನ್ನು ಕೊನೆಗೆ ಎಕ್ಮೋಗೇ ಹಾಕಬೇಕಾಯಿತು ಎಂಬುದನ್ನೂ ಸೇರಿಸಿದರೆ ತೂಕ ಸರಿಹೋಗುತ್ತದೆ. ಇನ್ನು ಹೃದಯಾಘಾತದಿಂದ ಆಘಾತಸ್ಥಿತಿಗೆ ಜಾರಿದವರ ಮೇಲೆ ನಡೆದ 2023ರ ಪ್ರಯೋಗದಲ್ಲಿ ಎರಡೂ ಗುಂಪುಗಳಲ್ಲಿ ತಿಂಗಳೊಳಗೆ ಸುಮಾರು ಅರ್ಧದಷ್ಟು ಜನ ಸತ್ತರು. ಎಕ್ಮೋ ಗುಂಪಿನಲ್ಲಿ ರಕ್ತಸ್ರಾವ ಹೆಚ್ಚಿತ್ತು. ಇದರ ಸುದ್ದಿಯೇ ನಿಮ್ಮ ಲೇಖನದಲ್ಲಿಲ್ಲ.

ಇಷ್ಟು ಗದರಿದ ಮೇಲೂ ಲೇಖನವನ್ನು ಇಟ್ಟುಕೊಂಡಿರುವುದು ನಾಲ್ಕನೇ ಪುಟದ ಒಂದು ಪ್ಯಾರಾಕ್ಕಾಗಿ. ನಡುರಾತ್ರಿ ನರ್ಸ್, ರಕ್ತಕ್ಕೆ ಆಮ್ಲಜನಕ ತುಂಬುವ ಆಕ್ಸಿಜನೇಟರ್ ಪೆಟ್ಟಿಗೆಯ ಮೇಲೆ ಟಾರ್ಚ್ ಹಿಡಿದು, ಮೂಲೆ ಮೂಲೆಯಲ್ಲೂ ಕಪ್ಪು ಹೆಪ್ಪು ಕಟ್ಟಿದೆಯೇ ಎಂದು ಹುಡುಕುತ್ತಾಳೆ. ಹೊರಹೋಗುವ ಕೊಳವೆ ಕಪ್ಪುಗೆಂಪು, ಒಳಬರುವ ಕೊಳವೆ ಅಚ್ಚಗೆಂಪು. ಎರಡರ ಬಣ್ಣವನ್ನು ಹೋಲಿಸಿ ನೋಡುತ್ತಾಳೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ ಹೆಪಾರಿನ್‌ನ ಪ್ರಮಾಣ ಬರೆದುಕೊಳ್ಳುತ್ತಾಳೆ. ಇದನ್ನು ನೀವು ಕಣ್ಣಾರೆ ಕಂಡಿದ್ದೀರಿ, ಎಲ್ಲಿಂದಲೋ ಎತ್ತಿದ್ದಲ್ಲ. ಹೆಪಾರಿನ್ ಕಡಿಮೆಯಾದರೆ ಪೆಟ್ಟಿಗೆಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಹೆಚ್ಚಾದರೆ ಮಿದುಳಿನಲ್ಲಿ ರಕ್ತಸ್ರಾವವಾಗಬಹುದು. ಆ ಇಕ್ಕಟ್ಟಿನಲ್ಲಿ ಅವಳು ಕಳೆದ ರಾತ್ರಿಯನ್ನು ಇನ್ನೊಂದು ಪುಟ ಬರೆಯಿರಿ.

ಕೊನೆಯ ಭಾಗಕ್ಕೆ ಬರುತ್ತೇನೆ. ಸಿಬ್ಬಂದಿ ಚಪ್ಪಾಳೆ ತಟ್ಟುತ್ತಾರೆ, ಯುವಕ ಕೈಬೀಸುತ್ತಾನೆ. ಸಂತೋಷ. ಆದರೆ ಎಕ್ಮೋ ಯಾವ ರೋಗವನ್ನೂ ವಾಸಿ ಮಾಡುವುದಿಲ್ಲ, ಅವಧಿ ಕೊಡುತ್ತದೆ ಅಷ್ಟೆ. ಅಷ್ಟರೊಳಗೆ ಅಂಗ ಚೇತರಿಸಿಕೊಳ್ಳಬೇಕು, ಇಲ್ಲವೇ ಕಸಿಗೆ ಅಂಗ ಸಿಗಬೇಕು, ಇಲ್ಲವೇ ಹೃದಯಕ್ಕೆ ಕೃತಕ ಪಂಪು ಕೂಡಿಸಬೇಕು. ಮೂರೂ ಆಗದ ರೋಗಿ ಎಚ್ಚರವಾಗಿ, ಮನೆಯವರನ್ನು ಗುರುತಿಸುತ್ತಾ ಮಲಗಿರುವುದುಂಟು. ಯಂತ್ರ ನಡೆಯುತ್ತಲೇ ಇರುತ್ತದೆ. ನಿಲ್ಲಿಸುವ ಮಾತನ್ನು ಯಾರಾದರೂ ಎತ್ತಲೇಬೇಕು. ಪಕ್ಕದ ಹಾಸಿಗೆಯವರ ಬಗ್ಗೆ ಒಂದು ಸಾಲು ಬರೆದು ಹಿಂದೆ ಸರಿದಿದ್ದೀರಿ. ಏಕೆ ಸರಿದಿರಿ? ಅವರ ಕುಟುಂಬ ಒಪ್ಪಿದರೆ ಅಲ್ಲಿಗೆ ಮರಳಿ ಹೋಗಿ. ಒಪ್ಪದಿದ್ದರೆ ಆ ಸಾಲನ್ನೂ ತೆಗೆಯಿರಿ.

ಯುವಕನ ಹೆಸರು ಬದಲಿಸಿದ್ದು ಸರಿ, ಊರು ಉದ್ಯೋಗಗಳು ಹಾಗೇ ಉಳಿದಿವೆ, ಅವನ್ನೂ ಬದಲಿಸಿ. ಶೀರ್ಷಿಕೆ ಬೇರೆ ಕೊಡಿ. ಟಾರ್ಚಿನ ದೃಶ್ಯದಿಂದಲೇ ಆರಂಭಿಸಬಹುದು. ಜೊತೆಗಿಟ್ಟ ರೇಖಾಚಿತ್ರವನ್ನು ಮತ್ತೆ ಬರೆಸಿ, ಅದರಲ್ಲಿ ಬಾಣಗಳು ಉಲ್ಟಾ ಇವೆ: ರಕ್ತ ಆಕ್ಸಿಜನೇಟರ್‌ನಿಂದ ಪಂಪಿಗೆ ಹರಿಯುತ್ತಿದೆ.

ಇಂತು,
ಸಂಪಾದಕ