ಬರ್ಬನ್: ಮೊದಲು ಮೂಗು, ಆಮೇಲೆ ನಾಲಿಗೆ

ಪ್ರಶ್ನೆ: ಇಷ್ಟು ವರ್ಷ ನಮ್ಮ ಕಡೆಯ ವಿಸ್ಕಿಯನ್ನೇ ಸೋಡಾ ಬೆರೆಸಿ ಕುಡಿದವನು ನಾನು. ಅಮೆರಿಕದಿಂದ ಬಂದ ಭಾವ ಒಂದು ಬರ್ಬನ್ ಬಾಟ್ಲಿ ಕೊಟ್ಟರು. ‘ಇದನ್ನ ಹಾಳು ಮಾಡ್ಬೇಡಿ, ಹಾಗೇ ಕುಡೀರಿ’ ಅಂದರು. ಕುಡಿದೆ, ಗಂಟಲು ಉರಿಯಿತು ಅಷ್ಟೇ. ವೆನಿಲ್ಲಾ, ಕ್ಯಾರಮೆಲ್, ಮಸಾಲೆ ಎಲ್ಲ ಸಿಗುತ್ತೆ ಅಂತಾರಲ್ಲ ಸರ್, ಅದು ಎಲ್ಲಿದೆ? (ಬೆಂಗಳೂರಿನ ಓದುಗರು)

ಅದು ಅಲ್ಲೇ ಇದೆ. ನೀವು ಅದನ್ನು ದಾಟಿಕೊಂಡು ಹೋಗಿದ್ದೀರಿ, ಅಷ್ಟೇ. ನಮ್ಮಲ್ಲಿ ಪೆಗ್ ಅಂದರೆ ಗಂಟಲಿಗೆ ಇಳಿಸುವ ವಸ್ತು. ಬರ್ಬನ್ ಅಂದರೆ ಮೆಕ್ಕೆಜೋಳದಿಂದ ಮಾಡುವ ಅಮೆರಿಕದ ವಿಸ್ಕಿ. ಅದರ ಮುಕ್ಕಾಲು ರುಚಿ ಇರುವುದು ಮೂಗಿನಲ್ಲಿ. ನಾಲಿಗೆಗೆ ತಿಳಿಯುವುದು ಸಿಹಿ, ಕಹಿ, ಹುಳಿ ಇಂಥ ಕೆಲವೇ ಸಂಗತಿ. ಮಿಕ್ಕದ್ದನ್ನೆಲ್ಲ ನಾವು ಮೂಸಿಯೇ ತಿಳಿಯುವುದು.

ಒಂದು 30 ಎಂಎಲ್ ಹಾಕಿಕೊಳ್ಳಿ, ಜಾಸ್ತಿ ಬೇಡ. ಬಾರುಗಳಲ್ಲಿ ಕೊಡುವ ಅಗಲ ಬಾಯಿಯ ಗ್ಲಾಸಿನಲ್ಲಿ ಘಮ ಹರಡಿ ಹೋಗುತ್ತದೆ. ಬಾಯಿ ಕಿರಿದಾಗಿ ಹೊಟ್ಟೆ ಉಬ್ಬಿದ ಗ್ಲೆನ್‌ಕೇರ್ನ್ ಗ್ಲಾಸು ಇದ್ದರೆ ಸರಿ, ಇಲ್ಲವಾದರೆ ಚಿಕ್ಕ ವೈನ್ ಗ್ಲಾಸು ಸಾಕು. ಹಾಕಿದ ಮೇಲೆ ಹತ್ತು ನಿಮಿಷ ಸುಮ್ನೆ ಬಿಡಿ. ಮೊದಲ ಘಾಟು ಹೋಗಲಿ.

ಈಗ ಮೂಸುವುದು. ವೈನ್ ಮೂಸುವವರ ಹಾಗೆ ಮೂಗನ್ನು ಗ್ಲಾಸಿನೊಳಗೆ ತೂರಿಸಿ ಜೋರಾಗಿ ಎಳೆದುಕೊಳ್ಳಬೇಡಿ. ಹಾಗೆ ಮಾಡಿದರೆ ಆಲ್ಕೋಹಾಲ್ ಮೂಗನ್ನು ಮರಗಟ್ಟಿಸುತ್ತದೆ, ಮುಂದಿನ ಐದು ನಿಮಿಷ ಏನೂ ತಿಳಿಯುವುದಿಲ್ಲ. ಗ್ಲಾಸನ್ನು ಗಲ್ಲದ ಹತ್ತಿರ ಹಿಡಿದು, ಬಾಯಿ ಸ್ವಲ್ಪ ತೆರೆದು, ನಿಧಾನಕ್ಕೆ ಉಸಿರೆಳೆಯಿರಿ. ಬಾಯಿ ತೆರೆದಿದ್ದರೆ ಘಾಟು ಅರ್ಧಕ್ಕರ್ಧ ಕಡಿಮೆ ಅನ್ನಿಸುತ್ತದೆ. ಆಮೇಲೆ ಮೆಲ್ಲಗೆ ಮೂಗಿನ ಹತ್ತಿರಕ್ಕೆ ತನ್ನಿ. ಒಮ್ಮೆ ಎಡ ಹೊಳ್ಳೆ, ಒಮ್ಮೆ ಬಲ ಹೊಳ್ಳೆ. ಎರಡರಲ್ಲೂ ಒಂದೇ ವಾಸನೆ ಬರುವುದಿಲ್ಲ, ನೋಡಿ.

ಮೊದಲ ಗುಟುಕು ಲೆಕ್ಕಕ್ಕಿಲ್ಲ. ನಾಲಿಗೆ ಒದ್ದೆಯಾಗುವಷ್ಟು ಮಾತ್ರ. ಅದು ಉರಿಯುತ್ತದೆ, ಉರಿಯಲಿ ಬಿಡಿ. ಬಾಯಿ ಆಲ್ಕೋಹಾಲಿಗೆ ಹೊಂದಿಕೊಳ್ಳಲೆಂದೇ ಆ ಗುಟುಕು. ಒಂದೆರಡು ನಿಮಿಷ ಬಿಟ್ಟು ಎರಡನೆಯದು. ಇದನ್ನು ನುಂಗಬೇಡಿ, ಬಾಯಲ್ಲೇ ಇಟ್ಟುಕೊಂಡು ಅಗಿಯಿರಿ. ಹೌದು, ಅಗಿಯುವುದೇ. ಹೆಸರಾಂತ ಬರ್ಬನ್ ತಯಾರಕ ಜಿಮ್ ಬೀಮ್ ಅವರ ಮೊಮ್ಮಗ ಬೂಕರ್ ನೋ ಬಾಯಲ್ಲಿ ಬರ್ಬನ್ ಇಟ್ಟುಕೊಂಡು ತುಟಿ ಚಪ್ಪರಿಸುತ್ತ ಅಗಿಯುತ್ತಿದ್ದರು. ಅದಕ್ಕೆ ‘ಕೆಂಟಕಿ ಚ್ಯೂ’ ಅಂತಲೇ ಹೆಸರು ಬಿತ್ತು. ನಾಲಿಗೆಯ ಮೇಲೆ, ಕೆಳಗೆ, ಕೆನ್ನೆಯ ಒಳಗೆ ಎಲ್ಲ ಕಡೆ ಓಡಾಡಿಸಿ ನುಂಗಿ. ನುಂಗಿದ ಮೇಲೆ ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಿ. ಬಹಳ ಜನ ಈ ಕೊನೆಯದನ್ನು ಮಾಡುವುದೇ ಇಲ್ಲ. ನೀವು ಹುಡುಕುತ್ತಿದ್ದ ವೆನಿಲ್ಲಾ ಹೊರಗೆ ಬರುವುದು ಆ ಉಸಿರಿನ ಜೊತೆಗೇ.

ಇನ್ನೂ ಉರಿ ಜಾಸ್ತಿ ಅನ್ನಿಸಿದರೆ ನೀರು ಬೆರೆಸಿ. ಯಾವ ಅಪಮಾನವೂ ಇಲ್ಲ. ಆದರೆ ಸುರಿಯಬೇಡಿ, ಚಮಚದಿಂದ ಹನಿ ಹನಿಯಾಗಿ ಹಾಕಿ ಮತ್ತೆ ಮೂಸಿ. ಶೇ. 50ಕ್ಕಿಂತ ಖಡಕ್ಕಾದ ಬರ್ಬನ್‌ಗಳು ನೀರು ಬಿದ್ದ ಮೇಲೇ ಬಾಯಿ ಬಿಡುವುದು. ಐಸ್ ಹಾಕಿದರೆ ಉರಿಯ ಜೊತೆಗೆ ಘಮವೂ ಅಡಗುತ್ತದೆ. ಬೇಸಿಗೆಯ ಸಂಜೆ ಸುಮ್ನೆ ಕುಡಿಯುವುದಾದರೆ ಐಸ್ ಹಾಕಿಕೊಳ್ಳಿ, ಸೋಡಾನೂ ಹಾಕಿಕೊಳ್ಳಿ, ಭಾವನಿಗೆ ಹೇಳಬೇಡಿ. ರುಚಿ ತಿಳಿಯಬೇಕು ಅನ್ನುವ ದಿನ ಮಾತ್ರ ಬೇಡ.

ನೆಂಚಿಕೊಳ್ಳಲು ಖಾರದ ಕಡಲೆಬೀಜ, ಚಿಲ್ಲಿ ಚಿಕನ್ ಇಟ್ಟುಕೊಂಡಿದ್ದರೆ ದೂರ ಸರಿಸಿ. ಮೆಣಸಿನಕಾಯಿಯ ಉರಿಯನ್ನೂ ಆಲ್ಕೋಹಾಲಿನ ಉರಿಯನ್ನೂ ನಾಲಿಗೆಯ ನರಗಳು ಒಂದೇ ದಾರಿಯಲ್ಲಿ ಗುರುತಿಸುತ್ತವೆ. ಎರಡೂ ಸೇರಿದರೆ ಬರೀ ಬೆಂಕಿ. ಉಪ್ಪಿಲ್ಲದ ಹುರಿದ ಕಡಲೆಬೀಜ ಸಾಕು. ಆ ಕೋಣೆಯಲ್ಲಿ ಊದುಬತ್ತಿಯೂ ಬೇಡ.

ಹೆಸರುಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಅಮೆರಿಕದವರು ಚೆರ್ರಿ ಪೈ, ಮೇಪಲ್ ಸಿರಪ್ ಅಂತ ಬರೆಯುತ್ತಾರೆ, ಅವರು ತಿಂದು ಬೆಳೆದದ್ದು ಅದು. ನೀವು ಅಡುಗೆಮನೆಗೆ ಹೋಗಿ ನಾಲ್ಕು ಸಣ್ಣ ಬಟ್ಟಲಲ್ಲಿ ಜೋನಿ ಬೆಲ್ಲ, ಕೊಬ್ಬರಿ ತುರಿ, ಒಂದೆರಡು ಲವಂಗ, ಜಜ್ಜಿದ ಕರಿಮೆಣಸು ಇಟ್ಟುಕೊಂಡು ಬನ್ನಿ. ಕೊಬ್ಬರಿ ಮೂಸಿ, ಗ್ಲಾಸು ಮೂಸಿ. ಲವಂಗ ಮೂಸಿ, ಗ್ಲಾಸು ಮೂಸಿ. ಇದು ಆಟ ಅಲ್ಲ. ಲವಂಗಕ್ಕೆ ಘಮ ಕೊಡುವ ಯುಜಿನಾಲ್ ಎಂಬ ವಸ್ತು ಬರ್ಬನ್ ಮಾಗುವ ಪೀಪಾಯಿಯ ಸುಟ್ಟ ಓಕ್ ಮರದಲ್ಲೂ ಇರುತ್ತದೆ. ಓಕ್‌ನಲ್ಲಿರುವ ಲ್ಯಾಕ್ಟೋನ್ ಎಂಬ ಘಮದ ವಸ್ತುಗಳ ವಾಸನೆಯಂತೂ ಕೊಬ್ಬರಿಯದ್ದೇ. ‘ಇದರಲ್ಲಿ ಕೊಬ್ಬರಿ ಮಿಠಾಯಿ ವಾಸನೆ ಇದೆ’ ಅಂತ ನಿಮಗೆ ಅನ್ನಿಸಿದರೆ ಅದು ಕಲ್ಪನೆ ಅಲ್ಲ, ಸರಿಯಾದ ಉತ್ತರ.

ಪ್ರಶ್ನೆ: ನಮ್ಮದು ಮೆಕ್ಕೆಜೋಳ ಬೆಳೆಯುವ ಊರು. ಬರ್ಬನ್ ಮಾಡುವುದೂ ಮೆಕ್ಕೆಜೋಳದಿಂದ ಅಂತ ಕೇಳಿದೆ. ಆ ಸಿಹಿ ಜೋಳದ್ದಾ, ಅಥವಾ ಸಕ್ಕರೆ, ಬಣ್ಣ ಏನಾದರೂ ಸೇರಿಸ್ತಾರಾ? (ದಾವಣಗೆರೆ ಜಿಲ್ಲೆಯ ಓದುಗರು)

ಎರಡೂ ಅಲ್ಲ! ಜೋಳದ ಸಕ್ಕರೆಯನ್ನು ಯೀಸ್ಟ್ ತಿಂದು ಆಲ್ಕೋಹಾಲ್ ಮಾಡುತ್ತದೆ. ಅಷ್ಟಿಷ್ಟು ಉಳಿದರೂ ಬಟ್ಟಿ ಇಳಿಸುವಾಗ ಸಕ್ಕರೆ ಆವಿಯಾಗಿ ಮೇಲೆ ಬರುವುದಿಲ್ಲ. ಬಟ್ಟಿಯಿಂದ ಆಗಷ್ಟೇ ಇಳಿದ ಬರ್ಬನ್ ನೀರಿನಂತೆ ಬೆಳ್ಳಗಿರುತ್ತದೆ. ಅಲ್ಲಿನವರು ಅದನ್ನು ‘ವೈಟ್ ಡಾಗ್’ ಅನ್ನುತ್ತಾರೆ. ಬೇಯಿಸಿದ ಜೋಳದ ವಾಸನೆ ಅದರಲ್ಲಿ ಚೆನ್ನಾಗಿ ತಿಳಿಯುತ್ತದೆ, ಬಾಯಿಗೆ ಒಂದು ದುಂಡುತನವೂ ಇರುತ್ತದೆ. ಬಣ್ಣ, ಬೆಲ್ಲದಂಥ ಸಿಹಿ ಎಲ್ಲ ಬರುವುದು ಪೀಪಾಯಿಯಿಂದ.

ಕಾನೂನು ಹೀಗಿದೆ. ಬರ್ಬನ್ ಅಮೆರಿಕದಲ್ಲೇ ತಯಾರಾಗಬೇಕು. ಬರ್ಬನ್‌ಗೆ ಹೆಸರಾದ ಕೆಂಟಕಿ ರಾಜ್ಯದಲ್ಲೇ ಆಗಬೇಕೆಂದಿಲ್ಲ. ಧಾನ್ಯದಲ್ಲಿ ಕನಿಷ್ಠ ಶೇ. 51 ಮೆಕ್ಕೆಜೋಳ ಇರಬೇಕು. ಬಹುತೇಕ ಕಂಪನಿಗಳು ಶೇ. 65ರಿಂದ 80ರವರೆಗೆ ಹಾಕುತ್ತವೆ, ಉಳಿದದ್ದು ರೈ ಎಂಬ ಧಾನ್ಯ ಅಥವಾ ಗೋಧಿ, ಜೊತೆಗೆ ಮೊಳಕೆ ಬರಿಸಿದ ಬಾರ್ಲಿ. ಬಟ್ಟಿ ಇಳಿಸುವಾಗ ಆಲ್ಕೋಹಾಲ್ ಶೇ. 80 ದಾಟಬಾರದು. ಪೀಪಾಯಿಗೆ ತುಂಬುವಾಗ ಶೇ. 62.5 ದಾಟಬಾರದು. ಬಾಟ್ಲಿಗೆ ಬರುವಾಗ ಶೇ. 40ಕ್ಕಿಂತ ಕಡಿಮೆ ಇರಬಾರದು. ಬಲ ಇಳಿಸಲು ನೀರು ಬೆರೆಸಬಹುದು, ಬಣ್ಣ ಮತ್ತು ರುಚಿಗೆ ಬೇರೇನೂ ಸೇರಿಸುವಂತಿಲ್ಲ. ಎಲ್ಲಕ್ಕಿಂತ ಮುಖ್ಯ, ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕು.

ಆ ಸುಡುವುದನ್ನು ಒಮ್ಮೆ ನೋಡಬೇಕು. ಸುಮಾರು 200 ಲೀಟರಿನ ಪೀಪಾಯಿಯ ಎರಡೂ ಬದಿ ತೆರೆದಿಟ್ಟು ಕೆಳಗಿನಿಂದ ಬೆಂಕಿ ಹಾಯಿಸುತ್ತಾರೆ. ಒಂದು ನಿಮಿಷದೊಳಗೆ ಒಳಮೈ ಪೂರ್ತಿ ಇದ್ದಿಲಾಗುತ್ತದೆ. ಜೋರಾಗಿ ಸುಟ್ಟರೆ ಇದ್ದಿಲು ಚೌಕ ಚೌಕವಾಗಿ ಬಿರಿದು ಮೊಸಳೆ ಚರ್ಮದ ಹಾಗೆ ಕಾಣುತ್ತದೆ. ಅದಕ್ಕೆ ‘ಅಲಿಗೇಟರ್ ಚಾರ್’ ಅಂತಲೇ ಹೆಸರು. ಇದ್ದಿಲಿನ ಹಿಂದೆ ಒಂದು ಕೆಂಪು ಪದರ ಇರುತ್ತದೆ. ಮರದ ಸಕ್ಕರೆ ಕಾದು ಕ್ಯಾರಮೆಲ್ ಆಗಿರುವುದು ಅಲ್ಲಿ. ಮರವನ್ನು ಗಟ್ಟಿಯಾಗಿ ಹಿಡಿದಿಡುವ ಲಿಗ್ನಿನ್ ಒಡೆದು ವೆನಿಲಿನ್ ಆಗುವುದೂ ಈ ಬಿಸಿಗೇ. ವೆನಿಲ್ಲಾ ಐಸ್‌ಕ್ರೀಮಿನ ಘಮದ ಮುಖ್ಯ ವಸ್ತುವೇ ಈ ವೆನಿಲಿನ್. ಕೆಂಟಕಿಯ ಬೇಸಿಗೆ ಸುಡುತ್ತದೆ, ಚಳಿ ಕೊರೆಯುತ್ತದೆ. ಬಿಸಿಗೆ ವಿಸ್ಕಿ ಹಿಗ್ಗಿ ಆ ಕೆಂಪು ಪದರದೊಳಗೆ ಇಳಿಯುತ್ತದೆ, ಚಳಿಗೆ ಕುಗ್ಗಿ ಆಚೆ ಬರುತ್ತದೆ. ಬರುವಾಗ ಬಣ್ಣ, ಘಮ ಹೊತ್ತು ತರುತ್ತದೆ.

ಲೇಬಲ್ ಮೇಲೆ ‘ಸೋರ್ ಮ್ಯಾಶ್’ ಅಂತ ಕಂಡರೆ ಹುಳಿ ರುಚಿ ಅಂದುಕೊಳ್ಳಬೇಡಿ. ಹಿಂದಿನ ಸಲ ಬಟ್ಟಿ ಇಳಿಸಿ ಉಳಿದ ಹುಳಿ ನೀರನ್ನು ಹೊಸ ಅಂಬಲಿಗೆ ಸೇರಿಸುತ್ತಾರೆ. ಮೊಸರಿಗೆ ಹೆಪ್ಪು ಹಾಕಿದ ಹಾಗೆ ಅಂತ ಕೆಲವರು ವಿವರಿಸುತ್ತಾರೆ, ಅದು ಅಷ್ಟು ಸರಿಯಲ್ಲ. ಆ ನೀರು ಕುದ್ದಿರುತ್ತದೆ, ಯೀಸ್ಟ್ ಸತ್ತಿರುತ್ತದೆ. ಬೇಕಾದದ್ದು ಹುಳಿ ಮಾತ್ರ, ಬೇಡದ ಬ್ಯಾಕ್ಟೀರಿಯಾ ಬೆಳೆಯದಿರಲಿ ಅಂತ. ಸ್ಕಾಟ್ಲೆಂಡಿನಿಂದ ಬಂದ ಜೇಮ್ಸ್ ಕ್ರೋ 1830ರ ದಶಕದಲ್ಲಿ ಕೆಂಟಕಿಯಲ್ಲಿ ಇದನ್ನು ಅಳತೆ, ಲೆಕ್ಕಕ್ಕೆ ತಂದರು.

ನಮ್ಮ ಅಗ್ಗದ ವಿಸ್ಕಿಗಳ ಕಥೆ ಬೇರೆ. ಅವುಗಳಲ್ಲಿ ಹಲವಕ್ಕೆ ಕಬ್ಬಿನ ಕಾಕಂಬಿಯಿಂದ ತೆಗೆದ ಸ್ಪಿರಿಟ್ಟೇ ಆಧಾರ. ಅದಕ್ಕೆ ತನ್ನದೇ ರುಚಿ ಅಂತ ಇರುವುದಿಲ್ಲ, ಬೆರೆಸಿದ ರುಚಿಯೇ ಗತಿ. ಅದನ್ನು ಮೂಸುತ್ತ ಕೂರಿ ಅಂತ ನಾನು ಯಾರಿಗೂ ಹೇಳುವುದಿಲ್ಲ.

ಪ್ರಶ್ನೆ: ಜಾಕ್ ಡೇನಿಯಲ್ಸ್ ಕೂಡ ಬರ್ಬನ್ ತಾನೇ? (ಮೈಸೂರಿನ ಓದುಗರು)

ಬರ್ಬನ್ ನಿಯಮಗಳನ್ನೆಲ್ಲ ಹೆಚ್ಚುಕಮ್ಮಿ ಪಾಲಿಸುತ್ತದೆ, ಆದರೆ ಹಾಗೆ ಕರೆದುಕೊಳ್ಳುವುದಿಲ್ಲ. ಅದು ಟೆನೆಸಿ ವಿಸ್ಕಿ. ಪೀಪಾಯಿಗೆ ಹಾಕುವ ಮೊದಲು ಅದನ್ನು ಮೇಪಲ್ ಮರದ ಇದ್ದಿಲಿನ ದಪ್ಪ ಹಾಸಿನ ಮೂಲಕ ತೊಟ್ಟು ತೊಟ್ಟಾಗಿ ಸೋಸುತ್ತಾರೆ. ಒರಟುತನ ಒಂದಿಷ್ಟು ಅಲ್ಲೇ ಉಳಿಯುತ್ತದೆ. ಜಾಕ್ ಡೇನಿಯಲ್‌ಗೆ ಬಟ್ಟಿ ಇಳಿಸುವುದನ್ನು ಕಲಿಸಿದ್ದು ನಿಯರೆಸ್ಟ್ ಗ್ರೀನ್, ಗುಲಾಮಗಿರಿಯಲ್ಲಿದ್ದ ಕಪ್ಪು ವ್ಯಕ್ತಿ. ಬಹಳ ಕಾಲ ಆ ಹೆಸರು ಮರೆಯಲ್ಲೇ ಇತ್ತು. ಈಗ ಕಂಪನಿಯೇ ಒಪ್ಪಿಕೊಂಡು ಹೇಳುತ್ತದೆ. ಜಾಕ್ ಡೇನಿಯಲ್ಸ್ ಮೂಸುವಾಗ ಬಾಳೆಹಣ್ಣಿನ ಘಮ ಹುಡುಕಿ, ಸಿಗುತ್ತದೆ.

ಪ್ರಶ್ನೆ: ಮೊದಲ ಬಾಟ್ಲಿ ಯಾವುದು ತಗೊಳ್ಳಲಿ? ಎಷ್ಟು ಹಳೆಯದಾದರೆ ಅಷ್ಟು ಒಳ್ಳೆಯದು ಅಲ್ವಾ? (ಹುಬ್ಬಳ್ಳಿಯ ಓದುಗರು)

ಎರಡನೆಯದಕ್ಕೆ ಮೊದಲು ಉತ್ತರ: ಅಲ್ಲ. ಸ್ಕಾಚ್‌ನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಸ್ಕಾಟ್ಲೆಂಡಿನಲ್ಲಿ ಪೀಪಾಯಿ ಹಳೆಯದು, ಹವೆ ತಂಪು, ಹಾಗಾಗಿ 18 ವರ್ಷ ಇಟ್ಟರೂ ನಡೆಯುತ್ತದೆ. ಬರ್ಬನ್‌ಗೆ ಹೊಸ ಮರ, ಬಿಸಿ ಗೋದಾಮು. ಜಾಸ್ತಿ ವರ್ಷ ಬಿಟ್ಟರೆ ಮರದ ಒಗರು ಏರಿ ನಾಲಿಗೆ ಒಣಗುತ್ತದೆ. ನನ್ನ ರುಚಿಗೆ 6ರಿಂದ 10 ವರ್ಷದೊಳಗಿನವು ಚಂದ. ಇಪ್ಪತ್ತು ವರ್ಷ ದಾಟಿದ ಪ್ಯಾಪಿ ವ್ಯಾನ್ ವಿಂಕಲ್ ಎಂಬ ಬರ್ಬನ್‌ಗೆ ಲಕ್ಷಗಟ್ಟಲೆ ಕೊಡುವವರಿದ್ದಾರೆ, ಕೊಡಲಿ. ಕಲಿಯುವವರಿಗೆ ಅದರಿಂದ ಏನೂ ಸಿಗುವುದಿಲ್ಲ.

ಲೇಬಲ್‌ನಲ್ಲಿ ‘ಸ್ಟ್ರೇಟ್’ ಅಂತಿದ್ದರೆ ಕನಿಷ್ಠ 2 ವರ್ಷ ಪೀಪಾಯಿಯಲ್ಲಿತ್ತು ಅಂತ ಅರ್ಥ. ನಾಲ್ಕು ವರ್ಷಕ್ಕಿಂತ ಕಡಿಮೆಯಾದರೆ ವಯಸ್ಸು ಬರೆಯಲೇಬೇಕು. ‘ಬಾಟಲ್ಡ್ ಇನ್ ಬಾಂಡ್’ ಇದ್ದರೆ ಇನ್ನೂ ನಂಬಬಹುದು. ಹತ್ತೊಂಬತ್ತನೇ ಶತಮಾನದಲ್ಲಿ ವ್ಯಾಪಾರಿಗಳು ಸಿಕ್ಕಸಿಕ್ಕ ಬಣ್ಣ, ಹೊಗೆಸೊಪ್ಪು ಎಲ್ಲ ಬೆರೆಸಿ ವಿಸ್ಕಿ ಅಂತ ಮಾರುತ್ತಿದ್ದರು. ಆ ಕಲಬೆರಕೆ ತಡೆಯಲು 1897ರಲ್ಲಿ ಬಂದ ಕಾನೂನು ಇದು. ಒಂದೇ ಡಿಸ್ಟಿಲರಿ, ಒಂದೇ ಹಂಗಾಮು, ಸರ್ಕಾರದ ಕಣ್ಗಾವಲಿನ ಗೋದಾಮಿನಲ್ಲಿ ಕನಿಷ್ಠ 4 ವರ್ಷ, ಸರಿಯಾಗಿ ಶೇ. 50 ಆಲ್ಕೋಹಾಲ್. ‘ಸ್ಮಾಲ್ ಬ್ಯಾಚ್’ ಅನ್ನುವುದಕ್ಕೆ ಮಾತ್ರ ಕಾನೂನಿನಲ್ಲಿ ಯಾವ ಅಳತೆಯೂ ಇಲ್ಲ, ಅದಕ್ಕೆ ಹೆಚ್ಚು ದುಡ್ಡು ಕೊಡಬೇಡಿ. ಅಮೆರಿಕದ ‘ಪ್ರೂಫ್’ ಸಂಖ್ಯೆಯ ಅರ್ಧ ಶೇಕಡಾ ಆಲ್ಕೋಹಾಲ್. 90 ಪ್ರೂಫ್ ಅಂದರೆ ಶೇ. 45.

ಒಂದು ದೊಡ್ಡ ಬಾಟ್ಲಿಗಿಂತ, ಇಬ್ಬರು ಮೂವರು ಗೆಳೆಯರು ಸೇರಿ ಎರಡು ಬೇರೆ ಬೇರೆ ಬಗೆ ತನ್ನಿ. ಮೇಕರ್ಸ್ ಮಾರ್ಕ್‌ನಲ್ಲಿ ರೈ ಬದಲು ಗೋಧಿ ಇರುತ್ತದೆ, ಮೃದು, ಸಿಹಿ ಮುಂದೆ. ಬುಲೆಟ್‌ನಲ್ಲಿ ರೈ ಜಾಸ್ತಿ, ಕರಿಮೆಣಸಿನ ಚುರುಕು. ಎರಡನ್ನೂ ಪಕ್ಕಪಕ್ಕ ಇಟ್ಟು ಮೂಸಿದರೆ ಧಾನ್ಯದ ವ್ಯತ್ಯಾಸ ಒಂದೇ ಸಂಜೆಗೆ ತಿಳಿಯುತ್ತದೆ. ಒಂದನ್ನೇ ತಿಂಗಳುಗಟ್ಟಲೆ ಕುಡಿದರೂ ಅಷ್ಟು ತಿಳಿಯುವುದಿಲ್ಲ. ಬಜೆಟ್ ಕಡಿಮೆ ಇದ್ದರೆ ಜಿಮ್ ಬೀಮ್ ವೈಟ್‌ನಿಂದ ಶುರು ಮಾಡಿ, ನಾಚಿಕೆ ಬೇಡ. 2025ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಬರ್ಬನ್ ಮೇಲಿನ ಆಮದು ಸುಂಕವನ್ನು ಶೇ. 150ರಿಂದ 100ಕ್ಕೆ ಇಳಿಸಿತು. ಆದರೆ ರಾಜ್ಯದ ಅಬಕಾರಿ ತೆರಿಗೆ ಬೇರೆ ಇದೆಯಲ್ಲ, ಬಿಲ್ಲು ನೋಡಿ ಖುಷಿಪಡುವಂಥದ್ದೇನೂ ಇಲ್ಲ.

ಬಾಟ್ಲಿ ನಿಲ್ಲಿಸಿಯೇ ಇಡಿ. ವೈನ್ ಹಾಗೆ ಮಲಗಿಸಿದರೆ ಆಲ್ಕೋಹಾಲ್ ಬಿರಡೆಯನ್ನು ತಿನ್ನುತ್ತದೆ.

ಪ್ರಶ್ನೆ: ನಾವು ಸಿನ್ಸಿನಾಟಿಯಲ್ಲಿದ್ದೇವೆ. ಊರಿನಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ಅಪ್ಪ ಕುಡಿಯುವುದಿಲ್ಲ. ಕೆಂಟಕಿಯ ಡಿಸ್ಟಿಲರಿಗಳಿಗೆ ಅವರನ್ನು ಕರೆದುಕೊಂಡು ಹೋಗಬಹುದಾ? (ಅಮೆರಿಕದ ಓದುಗರು)

ಧಾರಾಳವಾಗಿ. ಅಪ್ಪನೇ ನಿಮಗಿಂತ ಹೆಚ್ಚು ನೋಡಿಯಾರು. ವುಡ್‌ಫರ್ಡ್ ರಿಸರ್ವ್‌ಗೆ ಹೋಗಿ. ಜೇಮ್ಸ್ ಕ್ರೋ ಕೆಲಸ ಮಾಡಿದ ಜಾಗ ಅದೇ, ಸುಣ್ಣಕಲ್ಲಿನ ಹಳೆಯ ಕಟ್ಟಡಗಳು, ತಾಮ್ರದ ದೊಡ್ಡ ಹಂಡೆಗಳು. ಆ ಸೀಮೆಯ ನೆಲದಡಿಯೂ ಸುಣ್ಣಕಲ್ಲೇ. ಅದರ ಮೂಲಕ ಇಳಿದ ನೀರಿನಲ್ಲಿ ಕಬ್ಬಿಣದ ಅಂಶ ಇರುವುದಿಲ್ಲ. ಇದ್ದಿದ್ದರೆ ವಿಸ್ಕಿ ಕಪ್ಪಾಗಿ ಕೆಡುತ್ತಿತ್ತು. ಲೊರೆಟ್ಟೊದ ಮೇಕರ್ಸ್ ಮಾರ್ಕ್‌ನಲ್ಲಿ ನೀವು ಕೊಂಡ ಬಾಟ್ಲಿಯ ಕತ್ತನ್ನು ನೀವೇ ಕೆಂಪು ಮೇಣದಲ್ಲಿ ಅದ್ದಬಹುದು, ಅಮ್ಮನಿಗೆ ಹಿಡಿಸೀತು. ಗೋದಾಮುಗಳ ಗೋಡೆ, ಸುತ್ತಲ ಮರದ ಕಾಂಡ ಎಲ್ಲ ಮಸಿ ಬಳಿದಂತೆ ಕಪ್ಪಗಿರುವುದನ್ನು ಅಪ್ಪನಿಗೆ ತೋರಿಸಿ. ಅದು ಹೊಗೆಯಲ್ಲ. ಪೀಪಾಯಿಯಿಂದ ಆವಿಯಾಗಿ ಹೋಗುವ ಆಲ್ಕೋಹಾಲ್ ತಿಂದು ಬೆಳೆಯುವ ಬೂಷ್ಟು. ಒಂದು ದಿನಕ್ಕೆ ಎರಡು ಡಿಸ್ಟಿಲರಿ ಸಾಕು. ಕಾರು ಓಡಿಸುವವರು ರುಚಿ ನೋಡುವುದು ಬೇಡ. ಅಪ್ಪನಿಗೆ ಅಲ್ಲಿನ ಲೈಸೆನ್ಸ್ ಇಲ್ಲದಿದ್ದರೆ ಆ ಕೆಲಸ ನಿಮ್ಮಲ್ಲೊಬ್ಬರದ್ದು.

ಖಾಲಿ ಪೀಪಾಯಿಗಳು ಎಲ್ಲಿಗೆ ಹೋಗುತ್ತವೆ ಅಂತಲೂ ಕೇಳಿ. ಹೊಸ ಪೀಪಾಯಿ ಬೇಕೇಬೇಕು ಅನ್ನುವ ನಿಯಮದಿಂದಾಗಿ ಬರ್ಬನ್‌ಗೆ ಅವು ಎರಡನೇ ಸಲ ಕೆಲಸಕ್ಕೆ ಬಾರವು. ಬಹುಪಾಲು ಸ್ಕಾಟ್ಲೆಂಡಿಗೆ ಹೋಗುತ್ತವೆ. ಒಂದಿಷ್ಟು ನಮ್ಮ ಬೆಂಗಳೂರಿಗೂ ಬರುತ್ತವೆ, ಅಮೃತ್ ಡಿಸ್ಟಿಲರಿಯವರು ತಮ್ಮ ಸಿಂಗಲ್ ಮಾಲ್ಟನ್ನು, ಅಂದರೆ ಬಾರ್ಲಿಯ ವಿಸ್ಕಿಯನ್ನು, ಮಾಗಿಸುವುದು ಅವುಗಳಲ್ಲಿ. ಬೆಂಗಳೂರಿನ ಸೆಕೆಗೆ ವರ್ಷಕ್ಕೆ ನೂರಕ್ಕೆ ಹತ್ತು ಭಾಗಕ್ಕೂ ಮೇಲೆ ಆವಿಯಾಗಿ ಹೋಗುತ್ತದೆ, ಸ್ಕಾಟ್ಲೆಂಡಿನಲ್ಲಿ ಎರಡೇ ಭಾಗ. ಊರಿಗೆ ಬಂದಾಗ ಒಂದು ಅಮೃತ್, ಒಂದು ಬರ್ಬನ್ ಪಕ್ಕಪಕ್ಕ ಸುರಿದುಕೊಂಡು ಎರಡರಲ್ಲೂ ವೆನಿಲ್ಲಾ ಹುಡುಕಿ. ಅಮೃತ್‌ನಲ್ಲಿ ಅದು ತೆಳ್ಳಗಿರುತ್ತದೆ, ಬಾರ್ಲಿಯ ಘಮದ ಹಿಂದೆ ನಿಂತಿರುತ್ತದೆ.