ಟಿಕೆಟ್ ಉಚಿತವಾಯಿತು, ಬಸ್ ಬೇಗ ಬರುವುದು ಯಾವಾಗ?

ಈ ವಾರ ಬಂದ ಪತ್ರಗಳಲ್ಲಿ ಹೆಚ್ಚಿನವು ನಗರ ಬಸ್ಸುಗಳ ಬಗ್ಗೆಯೇ ಇದ್ದವು. ಅವುಗಳಲ್ಲಿ ನಾಲ್ಕಕ್ಕೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಟೈಲರ್. ಶಕ್ತಿ ಯೋಜನೆ ಬಂದ ಮೇಲೆ ಪಾಸಿನ ಹಣ ಉಳಿದು ಮಗಳ ಟ್ಯೂಷನ್ನಿಗೆ ಆಗುತ್ತಿದೆ. ಆದರೆ ಬೆಳಿಗ್ಗೆ ನಮ್ಮ ಸ್ಟಾಪಿನಲ್ಲಿ ಎಷ್ಟೋ ದಿನ ಮುಕ್ಕಾಲು ಗಂಟೆ ನಿಲ್ಲಬೇಕು. ಬಂದ ಬಸ್ಸೂ ತುಂಬಿರುತ್ತದೆ, ನಿಲ್ಲಿಸದೆ ಹೋಗುತ್ತದೆ. ಹತ್ತು ನಿಮಿಷ ತಡವಾದರೆ ಕಾರ್ಖಾನೆಯಲ್ಲಿ ಅರ್ಧ ದಿನದ ಸಂಬಳ ಹಿಡಿಯುತ್ತಾರೆ. ವಿಚಾರಿಸಿದರೆ ‘ಫ್ರೀ ಅಲ್ವೇನಮ್ಮ, ಸ್ವಲ್ಪ ಕಾಯಿರಿ’ ಎಂಬ ಉತ್ತರ. ಉಚಿತವಾಗಿ ಹೋಗುವವರು ಏನನ್ನೂ ಕೇಳುವ ಹಾಗಿಲ್ಲವೇ?

ಉತ್ತರ: ಧಾರಾಳವಾಗಿ ಕೇಳಬಹುದು, ಕೇಳಲೇಬೇಕು. ನಿಮ್ಮ ಆಧಾರ್ ಚೀಟಿ ನೋಡಿ ನಿರ್ವಾಹಕರು ಯಂತ್ರದಿಂದ ಹರಿದು ಕೊಡುವ ಶೂನ್ಯ ಟಿಕೆಟ್ ನಿಮಗಷ್ಟೇ ಶೂನ್ಯ. ನೀವು ಎಲ್ಲಿ ಹತ್ತಿ ಎಲ್ಲಿ ಇಳಿಯುತ್ತೀರಿ ಎಂಬುದು ಆ ಯಂತ್ರದಲ್ಲಿ ದಾಖಲಾಗುತ್ತದೆ. ಅದರ ಪ್ರಯಾಣದರದ ಲೆಕ್ಕದಲ್ಲಿ ರಾಜ್ಯ ಸರ್ಕಾರ ಸಾರಿಗೆ ನಿಗಮಕ್ಕೆ ಹಣ ತುಂಬಿಕೊಡಬೇಕು. ಆ ಹಣ ಬೊಕ್ಕಸದ್ದು, ಬೊಕ್ಕಸ ತುಂಬುವುದು ನೀವು ಸೋಪು, ಎಣ್ಣೆ ಕೊಳ್ಳುವಾಗ ಕೊಡುವ ತೆರಿಗೆಯಿಂದಲೂ ಹೌದು. ಆದ್ದರಿಂದ ಪಕ್ಕದ ಸೀಟಿನಲ್ಲಿ ದುಡ್ಡು ಕೊಟ್ಟು ಕುಳಿತವರಿಗೂ ನಿಮಗೂ ಸೇವೆಯ ವಿಷಯದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

2023ರ ಜೂನ್ 11ರಂದು ಶಕ್ತಿ ಆರಂಭವಾದಾಗಿನಿಂದ ನಾನು ಅದರ ಪರವಾಗಿದ್ದೇನೆ. ಗಂಡನ ಮುಂದೆಯೋ ಮಗನ ಮುಂದೆಯೋ ಬಸ್ ಚಾರ್ಜಿಗೆ ಕೈಚಾಚಬೇಕಾಗಿದ್ದ ಹೆಂಗಸರು ತಾವೇ ಹೊರಟು ಆಸ್ಪತ್ರೆಗೆ, ತವರಿಗೆ, ಕೆಲಸ ಹುಡುಕುವುದಕ್ಕೆ ಹೋಗುವಂತಾದದ್ದು ಸಣ್ಣ ಸಂಗತಿಯಲ್ಲ. ಆದರೆ ಹಣ ತುಂಬಿಕೊಡುವ ಕ್ರಮದಲ್ಲಿ ಒಂದು ದೋಷವಿದೆ ಎಂಬುದು ನನ್ನ ಅಭಿಪ್ರಾಯ. ಲೆಕ್ಕವೆಲ್ಲ ಟಿಕೆಟ್ ಮೇಲೆ ನಿಂತಿರುವುದರಿಂದ, ಉಸಿರುಗಟ್ಟುವಷ್ಟು ತುಂಬಿದ ಒಂದು ಬಸ್ಸು ತರುವ ಹಣವನ್ನೇ ಅಷ್ಟು ಜನರನ್ನು ಹಂಚಿಕೊಂಡು ಆರಾಮವಾಗಿ ಓಡುವ ಎರಡು ಬಸ್ಸುಗಳೂ ತರುತ್ತವೆ, ಖರ್ಚು ಮಾತ್ರ ಎರಡರಷ್ಟಾಗುತ್ತದೆ. ಹೀಗಿರುವಾಗ ಎರಡನೆಯ ಬಸ್ಸು ಬಿಡಲು ಯಾವ ನಿಗಮಕ್ಕೆ ಮನಸ್ಸು ಬಂದೀತು? ಸರ್ಕಾರ ಕೊಡುವ ಹಣದಲ್ಲಿ ಒಂದು ಪಾಲನ್ನಾದರೂ ಬಸ್ಸು ಓಡಿದ ಕಿಲೋಮೀಟರಿಗೆ ಮತ್ತು ಹೇಳಿದ ಹೊತ್ತಿಗೆ ಬಂದ ಟ್ರಿಪ್ಪುಗಳಿಗೆ ಕಟ್ಟಬೇಕು. ಇದು ಹೊಸ ಲೆಕ್ಕವೇನಲ್ಲ. ಗುತ್ತಿಗೆಯ ಮೇಲೆ ಓಡುವ ಎಲೆಕ್ಟ್ರಿಕ್ ಬಸ್ಸುಗಳ ಕಂಪನಿಗಳಿಗೆ ನಮ್ಮ ನಿಗಮಗಳು ಈಗಾಗಲೇ ಕಿಲೋಮೀಟರ್ ಲೆಕ್ಕದಲ್ಲಿಯೇ ಹಣ ಕೊಡುತ್ತಿವೆ.

ಅಷ್ಟರವರೆಗೆ ನೀವು ಮಾಡಬಹುದಾದದ್ದೂ ಇದೆ. ಎರಡು ವಾರ ಮಾರ್ಗ ಸಂಖ್ಯೆ, ಸ್ಟಾಪಿನ ಹೆಸರು, ನೀವು ಬಂದು ನಿಂತ ಸಮಯ, ಬಸ್ಸು ಬಂದ ಅಥವಾ ನಿಲ್ಲಿಸದೆ ಹೋದ ಸಮಯ, ಇಷ್ಟನ್ನು ಬರೆದಿಡಿ. ಅದೇ ಪಾಳಿಗೆ ಹೋಗುವ ಗೆಳತಿಯರ ಸಹಿ ಮಾಡಿಸಿ, ಕಾರ್ಖಾನೆ ಶುರುವಾಗುವ ಹೊತ್ತನ್ನೂ ಕಾಣಿಸಿ, ಆ ಮಾರ್ಗದ ಬಸ್ಸು ಹೊರಡುವ ಡಿಪೊದ ವ್ಯವಸ್ಥಾಪಕರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಶೆಡ್ಯೂಲ್ ಬದಲಿಸಲು ಅವರಿಗೆ ‘ಬಸ್ ಬರಲ್ಲ’ ಎಂಬ ದೂರಿಗಿಂತ ‘8.10ರಿಂದ 8.50ರವರೆಗೆ ಒಂದೂ ಇಲ್ಲ’ ಎಂಬ ಬರಹ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ಮಹಿಳೆಯರಿಗೆ ಮಾತ್ರ ಏಕೆ? ನಗರ ಬಸ್ಸನ್ನು ಎಲ್ಲರಿಗೂ ಉಚಿತ ಮಾಡಿದರೆ ಕಾರು, ಬೈಕುಗಳು ತಾವಾಗಿಯೇ ಕಡಿಮೆಯಾಗುವುದಿಲ್ಲವೇ?

ಉತ್ತರ: ಆಸೆ ಒಳ್ಳೆಯದು, ಅನುಭವ ಮಾತ್ರ ಬೇರೆಯೇ ಹೇಳುತ್ತದೆ. ಎಸ್ಟೋನಿಯಾದ ರಾಜಧಾನಿ ಟಾಲಿನ್ 2013ರಿಂದ ತನ್ನ ನೋಂದಾಯಿತ ನಿವಾಸಿಗಳಿಗೆ ಸಾರಿಗೆಯನ್ನು ಉಚಿತ ಮಾಡಿತು. ಅಲ್ಲಿ ಹೊಸದಾಗಿ ಬಸ್ಸು ಹತ್ತಿದವರಲ್ಲಿ ಕಾರು ಬಿಟ್ಟವರಿಗಿಂತ, ಮೊದಲು ನಡೆದು ಹೋಗುತ್ತಿದ್ದವರೇ ಹೆಚ್ಚು ಎಂದು ಅಧ್ಯಯನ ನಡೆಸಿದವರು ಕಂಡುಕೊಂಡರು. ಲಕ್ಸೆಂಬರ್ಗ್ 2020ರಲ್ಲಿ ಇಡೀ ದೇಶಕ್ಕೇ ಉಚಿತ ಮಾಡಿತು. ಕಾರುಗಳ ಸಾಲು ಅಲ್ಲಿ ಈಗಲೂ ಇದೆ. ಬೆಲ್ಜಿಯಂನ ಹ್ಯಾಸೆಲ್ಟ್ 1997ರಲ್ಲಿ ಆರಂಭಿಸಿ, ಖರ್ಚು ಹೊರಲಾರದೆ 2013ರಲ್ಲಿ ಎಲ್ಲರಿಗೂ ಉಚಿತ ಎಂಬುದನ್ನು ಕೈಬಿಟ್ಟಿತು.

ಇವೆಲ್ಲಕ್ಕಿಂತ ನನಗೆ ಹೆಚ್ಚು ಹಿಡಿಸಿದ್ದು ಫ್ರಾನ್ಸಿನ ಡಂಕರ್ಕ್. 2018ರ ಸೆಪ್ಟೆಂಬರಿನಲ್ಲಿ ಅವರು ಟಿಕೆಟ್ ತೆಗೆದುಹಾಕಿದರು. ಅದೇ ಹೊತ್ತಿಗೆ ಮಾರ್ಗಗಳನ್ನು ಹೊಸದಾಗಿ ಹೆಣೆದು, ಐದು ಮುಖ್ಯ ಮಾರ್ಗಗಳಲ್ಲಿ ಹತ್ತು ನಿಮಿಷಕ್ಕೊಂದು ಬಸ್ಸು ಬಿಟ್ಟರು. ಜನ ಮುಗಿಬಿದ್ದು ಹತ್ತಿದರು. ಅಲ್ಲಿ ಟಿಕೆಟಿನಿಂದ ಬರುತ್ತಿದ್ದ ಹಣ ಒಟ್ಟು ಖರ್ಚಿನ ಸುಮಾರು ಹತ್ತನೆಯ ಒಂದು ಪಾಲು ಮಾತ್ರ, ಉಳಿದದ್ದರಲ್ಲಿ ದೊಡ್ಡ ಭಾಗ ಕಂಪನಿಗಳು ತಮ್ಮ ನೌಕರರ ಸಂಬಳದ ಲೆಕ್ಕದಲ್ಲಿ ಕಟ್ಟುವ ಸಾರಿಗೆ ತೆರಿಗೆಯಿಂದ ಬರುತ್ತಿತ್ತು. ಬೆಂಗಳೂರಿನ ಸ್ಥಿತಿ ಹಾಗಿಲ್ಲ. ಇಲ್ಲಿ ಟಿಕೆಟ್ ಹಣವೇ ದೊಡ್ಡ ಆಧಾರ, 2025ರ ಜನವರಿ 5ರಿಂದ ನಾಲ್ಕೂ ನಿಗಮಗಳ ದರವನ್ನು ಶೇ 15ರಷ್ಟು ಏರಿಸಿದ್ದೂ ಅದಕ್ಕೇ. ಹೊಸದಾಗಿ ನೂರು ರೂಪಾಯಿ ಸಿಕ್ಕರೆ ಅದನ್ನು ಗಂಡಸರ ಟಿಕೆಟಿಗಿಂತ ಮೊದಲು ಹೊಸ ಬಸ್ಸಿಗೆ, ಚಾಲಕರ ನೇಮಕಕ್ಕೆ ಹಾಕಿ ಎನ್ನುವವನು ನಾನು. ಟೆಕ್ ಪಾರ್ಕುಗಳ ದೊಡ್ಡ ಕಂಪನಿಗಳಿಂದ ಫ್ರಾನ್ಸಿನಂತೆ ಒಂದು ಪಾಲು ವಸೂಲು ಮಾಡುವ ದಿನ ಬಂದರೆ, ಎಲ್ಲರಿಗೂ ಉಚಿತ ಎಂಬ ಮಾತನ್ನು ಆಗ ಗಂಭೀರವಾಗಿ ಆಡಬಹುದು.

ಪ್ರಶ್ನೆ: ರಸ್ತೆಯೇ ಕಿಕ್ಕಿರಿದಿರುವಾಗ ಹೊಸ ಬಸ್ಸು ಬಿಟ್ಟು ಏನು ಪ್ರಯೋಜನ?

ಉತ್ತರ: ಬಸ್ಸಿಗೆಂದೇ ಪಥ ಬಿಟ್ಟರೆ ಇರುವ ಬಸ್ಸುಗಳೇ ಹೆಚ್ಚಾಗುತ್ತವೆ. ಒಂದು ಮಾರ್ಗದಲ್ಲಿ 12 ಬಸ್ಸುಗಳಿವೆ, ಹೋಗಿ ಬರಲು ಮೂರು ಗಂಟೆ ಬೇಕು ಎಂದಿಟ್ಟುಕೊಳ್ಳಿ. ಸ್ಟಾಪಿನಲ್ಲಿ 15 ನಿಮಿಷಕ್ಕೊಂದು ಬಸ್ಸು ಸಿಗುತ್ತದೆ. ಅದೇ ಓಟ ಎರಡು ಗಂಟೆಗಿಳಿದರೆ ಅವೇ 12 ಬಸ್ಸುಗಳು 10 ನಿಮಿಷಕ್ಕೊಂದರಂತೆ ಬರುತ್ತವೆ, ಒಂದು ಬಸ್ಸನ್ನೂ ಕೊಳ್ಳದೆ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದವರೆಗೆ 2019ರಲ್ಲಿ ಇಂಥ ಪಥ ಮಾಡಿದ್ದರು, ಮೆಟ್ರೊ ಕಾಮಗಾರಿಯಲ್ಲಿ ಅದು ಕಳೆದುಹೋಯಿತು. ಕಾಮಗಾರಿ ಮುಗಿದ ಕಡೆಯೆಲ್ಲ ಅದನ್ನು ಮತ್ತೆ ಕೊಡಬೇಕು ಎಂದು ನಾವು ಹಟ ಹಿಡಿಯಬೇಕು. ಹುಬ್ಬಳ್ಳಿ–ಧಾರವಾಡದ ನಡುವೆ ಚಿಗರಿ ಬಸ್ಸುಗಳು ತಮ್ಮದೇ ಪಥದಲ್ಲಿ ಓಡುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ರಶ್ನೆ: ನನ್ನ ತಾಯಿಗೆ ಮಂಡಿನೋವು. ಬಸ್ಸಿನ ಮೊದಲ ಮೆಟ್ಟಿಲಿಗೆ ಕಾಲೆತ್ತಲಾಗದೆ ಉಚಿತ ಪ್ರಯಾಣವನ್ನೇ ಬಿಟ್ಟಿದ್ದಾರೆ.

ಉತ್ತರ: ಮೆಟ್ಟಿಲು ಎತ್ತರ ಎನ್ನುವುದು ಅರ್ಧ ಸಂಗತಿ. ಫುಟ್‌ಪಾತಿನ ಅಂಚಿಗೆ ತಾಗಿ ಬಸ್ಸು ನಿಂತರೆ ಅಮ್ಮನವರು ಹತ್ತಬೇಕಾದ ಎತ್ತರ ಅಂಚಿನಷ್ಟು ಕಡಿಮೆಯಾಗುತ್ತದೆ. ನಡುರಸ್ತೆಯಲ್ಲಿ ನಿಂತರೆ ಪೂರ್ತಿ ಎತ್ತರವನ್ನು, ಅದೂ ಬೈಕುಗಳ ನಡುವೆ ನುಸುಳಿ ಹೋಗಿ, ಹತ್ತಬೇಕು. ಚಾಲಕರನ್ನೇ ದೂರುವಂತಿಲ್ಲ, ಸ್ಟಾಪಿನ ಜಾಗದಲ್ಲಿ ಆಟೊ, ಕಾರು ನಿಂತಿದ್ದರೆ ಅವರು ಒಳಗೆ ಬರುವುದಾದರೂ ಹೇಗೆ? ಹೊಸ ಬಸ್ಸು ಕೊಳ್ಳುವಾಗ ತಗ್ಗು ನೆಲದವನ್ನೇ ಕೊಳ್ಳಬೇಕು. ಸದ್ಯಕ್ಕೆ ನಿಮ್ಮ ಸ್ಟಾಪಿನ ಮುಂದೆ ವಾಹನ ನಿಲ್ಲುತ್ತಿದ್ದರೆ ಫೋಟೊ ಸಮೇತ ಸಂಚಾರ ಠಾಣೆಗೆ ದೂರು ಕೊಡಿ. ಅಮ್ಮನವರನ್ನು ಹತ್ತಿಸುವಾಗ ನಿರ್ವಾಹಕರಿಗೆ ಕೂಗಿ ಹೇಳಿ ಬಸ್ಸನ್ನು ಅಂಚಿಗೆ ತರಿಸಿಕೊಳ್ಳಲು ಸಂಕೋಚಪಡಬೇಡಿ.